ಇಂಗ್ಲೆಂಡಿನಲ್ಲಿ ಮದ್ಯದ ಲೈಸೆನ್ಸ್: ಅಂಗಡಿ ಇಡುವವರಿಗೆ, ಸಂಘ ನಡೆಸುವವರಿಗೆ ಮತ್ತು ನೆರೆಹೊರೆಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬೀದಿ ಮೂಲೆಯ ಅಂಗಡಿಯೊಂದು ಬಿಯರ್ ಮಾರಬಹುದೇ, ಊರಿನ ಸಮುದಾಯ ಭವನದಲ್ಲಿ ರಾತ್ರಿ ಹನ್ನೊಂದರವರೆಗೆ ಬಾರ್ ತೆರೆದಿರಬಹುದೇ ಎಂಬುದನ್ನು ತೀರ್ಮಾನಿಸುವುದು ಅಲ್ಲಿನ ಕೌನ್ಸಿಲ್. ಮೊದಲು ಈ ಅಧಿಕಾರ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳ ಕೈಯಲ್ಲಿತ್ತು. 2003ರ ಲೈಸೆನ್ಸಿಂಗ್ ಕಾಯ್ದೆ 2005ರ ನವೆಂಬರ್ 24ರಂದು ಪೂರ್ಣವಾಗಿ ಜಾರಿಗೆ ಬಂದ ಮೇಲೆ ಅದು ಚುನಾಯಿತ ಕೌನ್ಸಿಲರ್‌ಗಳಿಗೆ ಬಂತು. ಸ್ಕಾಟ್ಲೆಂಡಿಗೂ ಉತ್ತರ ಐರ್ಲೆಂಡಿಗೂ ಬೇರೆ ಕಾನೂನುಗಳಿವೆ. ಆದ್ದರಿಂದ ಗ್ಲಾಸ್ಗೋ, ಎಡಿನ್‌ಬರೋ, ಬೆಲ್‌ಫಾಸ್ಟ್‌ಗಳಲ್ಲಿ ಇರುವವರು ಇಲ್ಲಿನ ವಿವರಗಳನ್ನು ತಮಗೆ ಅನ್ವಯಿಸಿಕೊಳ್ಳಬಾರದು.

ಕರ್ನಾಟಕದಿಂದ ಬಂದವರ ಮನಸ್ಸಿನಲ್ಲಿ ಮದ್ಯದ ಲೈಸೆನ್ಸ್ ಎಂದರೆ ಅಬಕಾರಿ ಇಲಾಖೆ, ಸಿಎಲ್-2, ಸಿಎಲ್-9, ಜುಲೈನಿಂದ ಜೂನ್‌ವರೆಗಿನ ಅಬಕಾರಿ ವರ್ಷ, ಪ್ರತಿ ವರ್ಷ ನವೀಕರಣ. ಇಲ್ಲಿ ಇವು ಯಾವುವೂ ಇಲ್ಲ. ಕಟ್ಟಡಕ್ಕೆ ಒಮ್ಮೆ ಸಿಕ್ಕ ಲೈಸೆನ್ಸಿಗೆ ಸಾಮಾನ್ಯವಾಗಿ ಕೊನೆಯ ದಿನಾಂಕವೇ ಇರುವುದಿಲ್ಲ. ಲೈಸೆನ್ಸುಗಳ ಸಂಖ್ಯೆಗೆ ಕಾನೂನಿನ ಮಿತಿ ಇಲ್ಲ, ಹರಾಜೂ ಇಲ್ಲ. ಶಾಲೆ ಅಥವಾ ದೇವಸ್ಥಾನದಿಂದ ನೂರು ಮೀಟರ್ ದೂರವಿರಬೇಕು ಎನ್ನುವ ನಮ್ಮ ಕಡೆಯ ನಿಯಮವೂ ಇಲ್ಲಿಲ್ಲ. ಇಡೀ ವ್ಯವಸ್ಥೆ ನಿಂತಿರುವುದು ನಾಲ್ಕು ಉದ್ದೇಶಗಳ ಮೇಲೆ: ಅಪರಾಧ ಮತ್ತು ಅಶಾಂತಿಯನ್ನು ತಡೆಯುವುದು, ಸಾರ್ವಜನಿಕರ ಸುರಕ್ಷತೆ, ಸಾರ್ವಜನಿಕ ಉಪದ್ರವವನ್ನು ತಡೆಯುವುದು, ಮಕ್ಕಳಿಗೆ ಹಾನಿಯಾಗದಂತೆ ಕಾಪಾಡುವುದು.

ಅರ್ಜಿ ಹಾಕುವವರಾಗಲಿ, ವಿರೋಧಿಸುವವರಾಗಲಿ, ಈ ನಾಲ್ಕರ ಹೊರಗೆ ಬರೆದದ್ದಕ್ಕೆ ತೂಕವಿಲ್ಲ. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಹುತೇಕ ತೀರ್ಮಾನಗಳು ಕೌನ್ಸಿಲ್ ಸಭೆಯಲ್ಲಿ ಆಗುವುದಿಲ್ಲ. ಅರ್ಜಿಯ ಹಾಳೆಯ ಮೇಲೆ, ನೀವು ಬರೆದ ವಾಕ್ಯಗಳಲ್ಲಿ ಆಗಿಬಿಡುತ್ತವೆ. ಯಾರಿಂದಲೂ ಕಾನೂನುಬದ್ಧ ಆಕ್ಷೇಪ ಬರದಿದ್ದರೆ ಕೌನ್ಸಿಲ್ ಲೈಸೆನ್ಸ್ ಕೊಡಲೇಬೇಕು. ನಿರಾಕರಿಸುವ ಅಧಿಕಾರ ಆಗ ಅದಕ್ಕೆ ಇರುವುದೇ ಇಲ್ಲ. ಹಾಗಾಗಿ ಶ್ರಮವೆಲ್ಲ ಬೀಳಬೇಕಾದದ್ದು ಅರ್ಜಿಗೆ ಮೊದಲಿನ ವಾರಗಳಲ್ಲಿ.

ಹಂತ 1: ನಿಮಗೆ ಬೇಕಾದ ಅನುಮತಿ ಯಾವುದು?

ಮೂರು ಅನುಮತಿಗಳನ್ನು ಬಿಡಿಸಿ ತಿಳಿದುಕೊಳ್ಳಿ. ಪ್ರೆಮಿಸಸ್ ಲೈಸೆನ್ಸ್ ಕಟ್ಟಡಕ್ಕೆ ಸಂಬಂಧಿಸಿದ್ದು. ಅಂಗಡಿ, ರೆಸ್ಟೋರೆಂಟ್, ಕಾಯಂ ಬಾರ್ ಇರುವ ಭವನಕ್ಕೆ ಇದು ಬೇಕು. ಪರ್ಸನಲ್ ಲೈಸೆನ್ಸ್ ವ್ಯಕ್ತಿಗೆ ಸಂಬಂಧಿಸಿದ್ದು. ಮದ್ಯ ಮಾರಾಟಕ್ಕೆ ಒಪ್ಪಿಗೆ ಕೊಡುವ ಅರ್ಹತೆ ಅವರಿಗಿದೆ ಎಂದು ಅದು ಹೇಳುತ್ತದೆ. ಟೆಂಪರರಿ ಈವೆಂಟ್ ನೋಟಿಸ್ ಒಂದು ಸಂಜೆಯ ಅಥವಾ ಕೆಲವು ದಿನಗಳ ಕಾರ್ಯಕ್ರಮಕ್ಕೆ. ಇದನ್ನು ಕಚೇರಿಗಳಲ್ಲಿ ಎಲ್ಲರೂ ‘ಟೆನ್’ ಎಂದೇ ಕರೆಯುತ್ತಾರೆ. ಸದಸ್ಯರೇ ಸೇರಿ ನಡೆಸುವ ನೋಂದಾಯಿತ ಕ್ಲಬ್‌ಗಳಿಗೆ ಕ್ಲಬ್ ಪ್ರೆಮಿಸಸ್ ಸರ್ಟಿಫಿಕೇಟ್ ಎಂಬ ನಾಲ್ಕನೆಯದೂ ಉಂಟು. ನಮ್ಮ ಸಂಘಗಳಿಗೆ ಅದರ ಅಗತ್ಯ ಬೀಳುವುದು ಅಪರೂಪ.

ಅರ್ಜಿ ಯಾರಿಗೆ ಎನ್ನುವುದರಲ್ಲೂ ಗೊಂದಲವಾಗುತ್ತದೆ. ಹಳ್ಳಿಯ ಪ್ಯಾರಿಷ್ ಕೌನ್ಸಿಲ್‌ಗೆ ಈ ಅಧಿಕಾರವಿಲ್ಲ. ಡಿಸ್ಟ್ರಿಕ್ಟ್, ಬರೋ ಅಥವಾ ಯೂನಿಟರಿ ಕೌನ್ಸಿಲ್‌ನ ಲೈಸೆನ್ಸಿಂಗ್ ವಿಭಾಗಕ್ಕೆ ಹೋಗಬೇಕು.

ಹಂತ 2: ಸಂಘದ ಕಾರ್ಯಕ್ರಮವಾದರೆ

ರಾಜ್ಯೋತ್ಸವ, ದೀಪಾವಳಿ, ಯುಗಾದಿ ಎಂದು ಕನ್ನಡ ಸಂಘಗಳು ವರ್ಷವಿಡೀ ಬಾಡಿಗೆ ಭವನಗಳಲ್ಲಿ ಸೇರುತ್ತವೆ. ಬಹುಪಾಲು ಕಾರ್ಯಕ್ರಮಗಳಲ್ಲಿ ಮದ್ಯವೇ ಇರುವುದಿಲ್ಲ, ಅಲ್ಲಿ ಈ ಪ್ರಶ್ನೆ ಏಳುವುದೂ ಇಲ್ಲ. ಆದರೆ ನಿಧಿ ಸಂಗ್ರಹದ ಭೋಜನಕೂಟ, ಹೊಸ ವರ್ಷದ ಸಂಜೆ, ಮದುವೆಯ ಆರತಕ್ಷತೆ ಎಂದಾಗ ಯಾರೋ ಒಬ್ಬರು “ಒಂದು ಚಿಕ್ಕ ಬಾರ್ ಇಡೋಣ” ಎನ್ನುತ್ತಾರೆ. ಆಗ ಕೇಳಬೇಕಾದ ಮೊದಲ ಪ್ರಶ್ನೆ: ಇದು ಮಾರಾಟವೇ?

ಆತಿಥೇಯರು ಅತಿಥಿಗಳಿಗೆ ಉಚಿತವಾಗಿ ವೈನ್ ಕೊಟ್ಟರೆ ಅದು ಮಾರಾಟವಲ್ಲ, ಅನುಮತಿಯೂ ಬೇಡ. ಬಂದವರು ತಮ್ಮ ಬಾಟಲಿಯನ್ನು ತಾವೇ ತಂದರೂ ಮಾರಾಟವಲ್ಲ. ಆದರೆ 25 ಪೌಂಡಿನ ಟಿಕೆಟ್‌ನಲ್ಲಿ ಊಟದ ಜೊತೆ ಒಂದು ಲೋಟ ವೈನ್ ಸೇರಿದೆ ಎಂದಾದರೆ ಅದು ಮಾರಾಟವೇ. ‘ದೇಣಿಗೆ ಹಾಕಿದವರಿಗೆ ಒಂದು ಪಾನೀಯ’ ಎಂಬ ಡಬ್ಬಿ ಇಟ್ಟರೂ ಅದು ಮಾರಾಟದ ಲೆಕ್ಕಕ್ಕೇ ಬರುತ್ತದೆ. ಹೆಸರು ಬದಲಿಸಿದ ಮಾತ್ರಕ್ಕೆ ವ್ಯವಹಾರ ಬದಲಾಗುವುದಿಲ್ಲ. ಅನುಮತಿಯಿಲ್ಲದೆ ಮಾರಿದರೆ ಆರು ತಿಂಗಳವರೆಗೆ ಸೆರೆವಾಸ, ಮಿತಿಯಿಲ್ಲದ ದಂಡ ಅಥವಾ ಎರಡೂ ಆಗಬಹುದು. ಸಂಘದ ಕಾರ್ಯದರ್ಶಿಯಾಗಿ ಬಿಡುವಿನ ವೇಳೆಯಲ್ಲಿ ದುಡಿಯುವ ಒಬ್ಬ ಸ್ವಯಂಸೇವಕನ ಮೇಲೆ ಇಂಥ ಪ್ರಕರಣ ಬೀಳಬಾರದು ಎಂಬ ಕಾಳಜಿಯಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮಾರಾಟ ಎಂದಾದರೆ ಮೊದಲು ಭವನದ ಒಪ್ಪಂದವನ್ನು ಓದಿ. ಕೆಲವು ಭವನಗಳಿಗೆ ಈಗಾಗಲೇ ಪ್ರೆಮಿಸಸ್ ಲೈಸೆನ್ಸ್ ಇರುತ್ತದೆ. ಅಂಥ ಕಡೆ ಅವರ ಬಾರ್ ವ್ಯವಸ್ಥೆಯನ್ನೇ ಬಳಸುವುದು ಸುಲಭ. ಕೆಲವು ಟ್ರಸ್ಟ್‌ಗಳ ನಿಯಮಾವಳಿಯಲ್ಲೇ ಮದ್ಯ ನಿಷಿದ್ಧ. ಮೆಥಡಿಸ್ಟ್ ಚರ್ಚಿನ ಸಭಾಂಗಣಗಳಲ್ಲಿ ಸಾಮಾನ್ಯವಾಗಿ ಅವಕಾಶವೇ ಇರುವುದಿಲ್ಲ. ಕೌನ್ಸಿಲ್ ಒಪ್ಪಿದರೂ ಭವನದ ಒಡೆಯರು ಒಪ್ಪದಿದ್ದರೆ ಬಾರ್ ಇಡುವಂತಿಲ್ಲ.

ಒಪ್ಪಂದದಲ್ಲಿ ಅಡ್ಡಿಯಿಲ್ಲದೆ, ಒಡೆಯರೂ ಒಪ್ಪಿದರೆ ಟೆನ್ ಸಲ್ಲಿಸಿ. ಶುಲ್ಕ 21 ಪೌಂಡ್. ಹದಿನೆಂಟು ತುಂಬಿದ ಯಾರು ಬೇಕಾದರೂ ಸಲ್ಲಿಸಬಹುದು, ಪರ್ಸನಲ್ ಲೈಸೆನ್ಸ್ ಬೇಕಿಲ್ಲ. ಅದಿಲ್ಲದವರು ಒಂದು ಕ್ಯಾಲೆಂಡರ್ ವರ್ಷದಲ್ಲಿ 5 ಟೆನ್ ಕೊಡಬಹುದು. ಇರುವವರು 50 ಕೊಡಬಹುದು. ಒಂದು ಕಟ್ಟಡದಲ್ಲಿ ವರ್ಷಕ್ಕೆ ಒಟ್ಟು 15 ಟೆನ್, 21 ದಿನ ಮಾತ್ರ. ಬೇಡಿಕೆಯ ಭವನಗಳಲ್ಲಿ ನವೆಂಬರ್, ಡಿಸೆಂಬರ್ ಹೊತ್ತಿಗೆ ಈ ಲೆಕ್ಕ ಮುಗಿದಿರುವ ಸಾಧ್ಯತೆ ಇರುತ್ತದೆ. ರಾಜ್ಯೋತ್ಸವ ಬರುವುದೂ ಆಗಲೇ. ಭವನ ಕಾಯ್ದಿರಿಸುವಾಗಲೇ “ಈ ವರ್ಷ ಎಷ್ಟು ಟೆನ್ ಆಗಿವೆ?” ಎಂದು ಕೇಳಿ. ಮಿತಿ ಮೀರಿದ್ದರೆ ಕೌನ್ಸಿಲ್ ಪ್ರತಿ-ನೋಟಿಸ್ ಕೊಡುತ್ತದೆ, ಅಲ್ಲಿಗೆ ನಿಮ್ಮ ಟೆನ್ ಮುಗಿಯಿತು.

ಒಂದೇ ಸಮಯದಲ್ಲಿ 499 ಜನರಿಗಿಂತ ಹೆಚ್ಚು ಇರುವಂತಿಲ್ಲ. ಈ ಎಣಿಕೆಯಲ್ಲಿ ಅಡುಗೆಯವರು, ಸ್ವಯಂಸೇವಕರು, ವೇದಿಕೆಯ ಕಲಾವಿದರು ಎಲ್ಲರೂ ಸೇರುತ್ತಾರೆ. ದೊಡ್ಡ ಊರುಗಳ ಸಂಘಗಳಿಗೆ ತೊಡಕಾಗುವುದು ಇಲ್ಲೇ. ಅಂಥವರು ಬಾರ್ ಇರುವ ಕೋಣೆಗೆ ಮಾತ್ರ ಟೆನ್ ಕೇಳಬಹುದು. ಆದರೆ ಆ ಕೋಣೆಗೆ ಬೇರೆ ಬಾಗಿಲು, ಅಲ್ಲಿ ತಲೆ ಎಣಿಸುವ ಒಬ್ಬರು ಮತ್ತು ನೀವು ನಮೂದಿಸಿದ ಸಂಖ್ಯೆಯನ್ನು ಮೀರದ ವ್ಯವಸ್ಥೆ ನಿಜವಾಗಿಯೂ ಇರಬೇಕು.

ದಿನಗಳನ್ನು ಎಣಿಸುವುದು ಹೀಗೆ. ಕೌನ್ಸಿಲ್‌ಗೆ ಪೂರ್ತಿ ಹತ್ತು ಕೆಲಸದ ದಿನಗಳ ಮುನ್ಸೂಚನೆ ಸಿಗಬೇಕು. ನೋಟಿಸ್ ತಲುಪಿದ ದಿನವೂ ಕಾರ್ಯಕ್ರಮದ ದಿನವೂ ಇದರಲ್ಲಿ ಸೇರುವುದಿಲ್ಲ. ಕಾರ್ಯಕ್ರಮ ಶನಿವಾರವಾದರೆ ಅದಕ್ಕೆ ಹದಿನೈದು ದಿನ ಮುಂಚಿನ ಶುಕ್ರವಾರದೊಳಗೆ ನೋಟಿಸ್ ಅಲ್ಲಿರಬೇಕು. ನಡುವೆ ಬ್ಯಾಂಕ್ ರಜೆ ಬಂದರೆ ಇನ್ನೂ ಮುಂಚೆ. ತಡವಾದವರಿಗೆ ಐದರಿಂದ ಒಂಬತ್ತು ಕೆಲಸದ ದಿನ ಮುಂಚಿನ ‘ಲೇಟ್ ಟೆನ್’ ಇದೆ. ಆದರೆ ಅದನ್ನು ನಂಬಿಕೊಳ್ಳಬೇಡಿ. ಪೊಲೀಸರಿಗೂ ಪರಿಸರ ಆರೋಗ್ಯ ವಿಭಾಗಕ್ಕೂ ಆಕ್ಷೇಪಿಸಲು ಮೂರು ಕೆಲಸದ ದಿನಗಳಿರುತ್ತವೆ. ಸಾಮಾನ್ಯ ಟೆನ್‌ಗೆ ಆಕ್ಷೇಪ ಬಂದರೆ ವಿಚಾರಣೆ ನಡೆಯುತ್ತದೆ, ಮಾತುಕತೆಗೆ ಎಡೆಯಿದೆ. ಲೇಟ್ ಟೆನ್‌ಗೆ ಆಕ್ಷೇಪ ಬಂದರೆ ವಿಚಾರಣೆಯೇ ಇಲ್ಲ, ಅದು ಅಲ್ಲೇ ರದ್ದು.

ಸಂಘಗಳಿಗೆ ಒಂದು ಸಣ್ಣ ಸಮಾಧಾನ: ಲಾಭದ ಉದ್ದೇಶವಿಲ್ಲದ ಕಾರ್ಯಕ್ರಮದ ರಾಫಲ್‌ನಲ್ಲಿ, ಅಂದರೆ ಚೀಟಿ ಎತ್ತುವ ಲಾಟರಿಯಲ್ಲಿ, ಸೀಲು ಒಡೆಯದ ವೈನ್ ಬಾಟಲಿಯನ್ನು ಬಹುಮಾನವಾಗಿ ಇಡಲು ಕಾಯ್ದೆ ಷರತ್ತುಬದ್ಧ ವಿನಾಯಿತಿ ಕೊಟ್ಟಿದೆ. ಅದಕ್ಕಾಗಿ ಟೆನ್ ಬೇಕಿಲ್ಲ.

ಹಂತ 3: ಭವನಕ್ಕೇ ಲೈಸೆನ್ಸ್ ಬೇಕಾದರೆ

ಸಂಘವೇ ಒಂದು ಕಟ್ಟಡ ಕೊಂಡಿದ್ದರೆ, ಅಥವಾ ಊರಿನ ಭವನದ ಆಡಳಿತ ಸಮಿತಿಯಲ್ಲಿ ನೀವಿದ್ದರೆ, ಪದೇ ಪದೇ ಟೆನ್ ಕೊಡುವುದಕ್ಕಿಂತ ಪ್ರೆಮಿಸಸ್ ಲೈಸೆನ್ಸ್ ಪಡೆಯುವುದು ಮೇಲು. ಮದ್ಯ ಮಾರುವ ಪ್ರತಿ ಕಟ್ಟಡಕ್ಕೂ ‘ಡೆಸಿಗ್ನೇಟೆಡ್ ಪ್ರೆಮಿಸಸ್ ಸೂಪರ್‌ವೈಸರ್’, ಅಂದರೆ ಡಿಪಿಎಸ್, ಎಂದು ಪರ್ಸನಲ್ ಲೈಸೆನ್ಸ್ ಇರುವ ಒಬ್ಬರನ್ನು ಹೆಸರಿಸಬೇಕು ಎನ್ನುವುದು ಸಾಮಾನ್ಯ ನಿಯಮ. ಸ್ವಯಂಸೇವಕರೇ ನಡೆಸುವ ಭವನಗಳಿಗೆ ಇದು ಹೊರೆಯಾಗುತ್ತಿತ್ತು. 2009ರಿಂದ ಸಮುದಾಯ ಭವನ, ಹಳ್ಳಿಯ ಭವನ, ಚರ್ಚ್ ಸಭಾಂಗಣಗಳಿಗೆ ಒಂದು ದಾರಿ ತೆರೆದಿದೆ. ಡಿಪಿಎಸ್ ಬದಲಿಗೆ ಇಡೀ ಆಡಳಿತ ಸಮಿತಿಯೇ ಮಾರಾಟದ ಹೊಣೆ ಹೊರಬಹುದು. ಇದಕ್ಕೆ ಸಮಿತಿಗೆ ಲಿಖಿತ ನಿಯಮಾವಳಿ ಇರಬೇಕು. ಬಾಡಿಗೆಗೆ ಪಡೆದವರು ಮದ್ಯ ಮಾರುವಾಗ ಹೇಗೆ ನಿಗಾ ವಹಿಸುತ್ತೀರಿ ಎಂಬುದನ್ನು ತೋರಿಸಬೇಕು. ಬಾಡಿಗೆ ಕರಾರಿನ ಪ್ರತಿಯನ್ನು ಅರ್ಜಿಯೊಂದಿಗೇ ಕೊಡಿ. ಹೊಣೆ ಸಾಮೂಹಿಕವಾದ್ದರಿಂದ ಸಮಿತಿಯ ಪ್ರತಿಯೊಬ್ಬರೂ ಇದನ್ನು ಅರ್ಥಮಾಡಿಕೊಂಡೇ ನಿರ್ಣಯಕ್ಕೆ ಒಪ್ಪಬೇಕು.

ಸಮುದಾಯ ಭವನಗಳಿಗೆ ಶುಲ್ಕ ವಿನಾಯಿತಿ ಇದೆ ಎಂದು ಕೇಳಿರಬಹುದು. ಅದು ಸಂಗೀತ, ನಾಟಕದಂಥ ಮನರಂಜನೆಗೆ ಮಾತ್ರ. ಅರ್ಜಿಯಲ್ಲಿ ಮದ್ಯ ಸೇರಿದರೆ ಪೂರ್ತಿ ಶುಲ್ಕ ಕಟ್ಟಬೇಕು.

ಹಂತ 4: ಅಂಗಡಿಯ ತಯಾರಿ

ಮೊದಲು ಪರ್ಸನಲ್ ಲೈಸೆನ್ಸ್. ಹದಿನೆಂಟು ತುಂಬಿರಬೇಕು, ಮಾನ್ಯತೆ ಪಡೆದ ಒಂದು ದಿನದ ತರಬೇತಿ ಮತ್ತು ಪರೀಕ್ಷೆ ಮುಗಿಸಿರಬೇಕು, ಅಪರಾಧ ದಾಖಲೆಯ ಪ್ರಮಾಣಪತ್ರ ಮತ್ತು ಬ್ರಿಟನ್ನಿನಲ್ಲಿ ಕೆಲಸ ಮಾಡುವ ಹಕ್ಕಿನ ದಾಖಲೆ ಕೊಡಬೇಕು. ಶುಲ್ಕ 37 ಪೌಂಡ್. 2015ರಿಂದ ಇದಕ್ಕೆ ನವೀಕರಣ ಇಲ್ಲ. ವೀಸಾ ಮೇಲೆ ಇರುವವರು ಕೆಲಸದ ಹಕ್ಕಿನ ಭಾಗವನ್ನು ಮೊದಲೇ ಪರಿಶೀಲಿಸಿಕೊಳ್ಳಿ. ಸ್ವಂತ ವ್ಯಾಪಾರಕ್ಕೆ ಅವಕಾಶವಿಲ್ಲದ ವೀಸಾಗಳಿವೆ.

ಪ್ರೆಮಿಸಸ್ ಲೈಸೆನ್ಸಿನ ಶುಲ್ಕ ಕಟ್ಟಡದ ರೇಟಬಲ್ ವ್ಯಾಲ್ಯೂ, ಅಂದರೆ ತೆರಿಗೆಗಾಗಿ ಗೊತ್ತುಮಾಡಿದ ಮೌಲ್ಯದ ಮೇಲೆ ನಿಂತಿದೆ. 4,300 ಪೌಂಡಿನವರೆಗಿನ ಕಟ್ಟಡಕ್ಕೆ ಅರ್ಜಿ ಶುಲ್ಕ 100 ಪೌಂಡ್, ವಾರ್ಷಿಕ ಶುಲ್ಕ 70. ಅಲ್ಲಿಂದ 33,000ದವರೆಗೆ 190 ಮತ್ತು 180. ಹೆಚ್ಚಿನ ಮೂಲೆಯಂಗಡಿಗಳು ಈ ಎರಡರೊಳಗೇ ಬರುತ್ತವೆ. ಅತಿ ಮೇಲಿನ ದರ್ಜೆಗೆ 635 ಮತ್ತು 350.

ಅರ್ಜಿಗೆ ಅಂಗಡಿಯ ನಕ್ಷೆ, ಡಿಪಿಎಸ್ ಆಗುವವರ ಒಪ್ಪಿಗೆ ಪತ್ರ ಮತ್ತು ‘ಆಪರೇಟಿಂಗ್ ಶೆಡ್ಯೂಲ್’ ಬೇಕು. ಈ ಮೂರನೆಯದರ ಬಗ್ಗೆ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಅರ್ಜಿಯ ಹಣೆಬರಹ ಇರುವುದು ಇಲ್ಲೇ. ನಾಲ್ಕು ಉದ್ದೇಶಗಳನ್ನು ನೀವು ಹೇಗೆ ಪಾಲಿಸುತ್ತೀರಿ ಎಂದು ಇದರಲ್ಲಿ ಬರೆಯಬೇಕು. ನೀವು ಬರೆದ ಪ್ರತಿಯೊಂದು ಭರವಸೆಯೂ ಲೈಸೆನ್ಸಿನ ಷರತ್ತಾಗಿ ಬದಲಾಗುತ್ತದೆ. ಷರತ್ತು ಮುರಿಯುವುದು ಅಪರಾಧ, ಲೈಸೆನ್ಸ್ ಇಲ್ಲದೆ ಮಾರಿದಾಗಿನ ಶಿಕ್ಷೆಯೇ ಅದಕ್ಕೂ.

“ನಮ್ಮ ಸಿಬ್ಬಂದಿ ಸದಾ ಎಚ್ಚರದಿಂದಿರುತ್ತಾರೆ” ಎಂದು ಬರೆದರೆ ಪೊಲೀಸ್ ಲೈಸೆನ್ಸಿಂಗ್ ಅಧಿಕಾರಿಗೆ ಅದರಿಂದ ಏನೂ ತಿಳಿಯುವುದಿಲ್ಲ, ತಕ್ಷಣ ಆಕ್ಷೇಪ ಬರುತ್ತದೆ. ಬದಲಾಗಿ ಹೀಗೆ ಬರೆಯಿರಿ: ಅಂಗಡಿ ತೆರೆದಿರುವಷ್ಟು ಹೊತ್ತೂ ಸಿಸಿಟಿವಿ ದಾಖಲಿಸುತ್ತದೆ, ದೃಶ್ಯಗಳನ್ನು 31 ದಿನ ಇಟ್ಟುಕೊಂಡು ಪೊಲೀಸರು ಕೇಳಿದಾಗ ಕೊಡಲಾಗುತ್ತದೆ. ಇಪ್ಪತ್ತೈದಕ್ಕಿಂತ ಚಿಕ್ಕವರಂತೆ ಕಾಣುವ ಎಲ್ಲರಿಂದಲೂ ಫೋಟೋ ಇರುವ ಗುರುತಿನ ಚೀಟಿ ಕೇಳಲಾಗುತ್ತದೆ. ನಿರಾಕರಿಸಿದ ಪ್ರತಿ ಮಾರಾಟವನ್ನೂ ಪುಸ್ತಕದಲ್ಲಿ ದಿನಾಂಕ, ವೇಳೆ, ಕಾರಣದೊಂದಿಗೆ ಬರೆಯಲಾಗುತ್ತದೆ. ಮಾರಾಟ ಮಾಡುವ ಎಲ್ಲರಿಗೂ ಕೆಲಸಕ್ಕೆ ಸೇರುವಾಗ ಮತ್ತು ಆರು ತಿಂಗಳಿಗೊಮ್ಮೆ ತರಬೇತಿ ಕೊಟ್ಟು ಸಹಿ ಪಡೆಯಲಾಗುತ್ತದೆ. ವಿಸ್ಕಿ, ವೋಡ್ಕಾಗಳನ್ನು ಕೌಂಟರ್ ಹಿಂದೆ ಇಡಲಾಗುತ್ತದೆ. ಬೀದಿಯಲ್ಲಿ ಕುಡಿಯುವವರ ಕಾಟ ಇರುವ ಜಾಗವಾದರೆ ಶೇಕಡ 6.5ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಬಿಯರ್, ಸೈಡರ್‌ಗಳನ್ನು ಇಡುವುದಿಲ್ಲ, ಬಿಡಿ ಕ್ಯಾನ್ ಮಾರುವುದಿಲ್ಲ ಎಂದೂ ಸೇರಿಸಬಹುದು.

ಹಾಗೆಂದು ಮೆಚ್ಚಿಸಲು ಹೋಗಿ ಸಾಧ್ಯವಿಲ್ಲದ್ದನ್ನು ಬರೆಯಬೇಡಿ. “ಅಂಗಡಿಯಲ್ಲಿ ಸದಾ ಪರ್ಸನಲ್ ಲೈಸೆನ್ಸ್ ಇರುವವರು ಇರುತ್ತಾರೆ” ಎಂದು ಬರೆಯುವವರಿದ್ದಾರೆ. ಕಾನೂನು ಅದನ್ನು ಕೇಳುವುದೇ ಇಲ್ಲ. ಅಂಥವರು ಕೊಟ್ಟ ಅಧಿಕಾರದ ಮೇಲೆ ಬೇರೆಯವರು ಮಾರಬಹುದು, ಆ ಅಧಿಕಾರ ಲಿಖಿತವಾಗಿದ್ದರೆ ಒಳ್ಳೆಯದು. ಆದರೆ ನೀವೇ ಬರೆದುಕೊಟ್ಟ ಮೇಲೆ, ಗಂಡ ಹೆಂಡತಿ ಇಬ್ಬರೇ ನಡೆಸುವ ಅಂಗಡಿಯಲ್ಲಿ ಲೈಸೆನ್ಸ್ ಇರುವವರು ಮಗಳ ಶಾಲೆಗೆ ಹೋಗಿ ಬರುವ ಅರ್ಧ ಗಂಟೆಯಲ್ಲಿ ಒಂದು ಬಿಯರ್ ಮಾರಿದರೂ ಅದು ಅಪರಾಧ.

ಕುಟುಂಬದ ಅಂಗಡಿಗಳಿಗೆ ಇನ್ನೊಂದು ಎಚ್ಚರ. ಹದಿನಾರರ ಮಗ ಸಂಜೆ ಗಲ್ಲಾದಲ್ಲಿ ಕೂರುವುದು ನಮಗೆ ಸಹಜ. ಮದ್ಯದ ವಿಷಯದಲ್ಲಿ ಹದಿನೆಂಟು ತುಂಬದವರು ಮಾಡುವ ಪ್ರತಿಯೊಂದು ಮಾರಾಟಕ್ಕೂ ಹೊಣೆ ಹೊತ್ತ ಹಿರಿಯರೊಬ್ಬರು ಆ ಹೊತ್ತಿಗೇ, ಪ್ರತ್ಯೇಕವಾಗಿ ಒಪ್ಪಿಗೆ ಕೊಡಬೇಕು. ಮಹಡಿಯ ಮೇಲೆ ಮಲಗಿರುವ ಅಪ್ಪನ ಒಪ್ಪಿಗೆ ಸಾಲದು.

ವೇಳೆಯ ಬಗ್ಗೆ ಸರ್ಕಾರದ ಮಾರ್ಗಸೂಚಿ ಅಂಗಡಿಗಳ ಪರವಾಗಿಯೇ ಇದೆ. ಅಂಗಡಿ ತೆರೆದಿರುವ ಹೊತ್ತಿನಲ್ಲೆಲ್ಲ ಮದ್ಯ ಮಾರಲು ಸಾಮಾನ್ಯವಾಗಿ ಬಿಡಬೇಕು, ತಡೆಯುವುದಾದರೆ ಒಳ್ಳೆಯ ಕಾರಣ ಬೇಕು ಎನ್ನುತ್ತದೆ ಅದು. ಆದರೂ ನಿಮ್ಮ ಕೌನ್ಸಿಲ್‌ನ ಲೈಸೆನ್ಸಿಂಗ್ ನೀತಿಯನ್ನು ಓದಿಕೊಳ್ಳಿ. ಐದು ವರ್ಷಕ್ಕೊಮ್ಮೆಯಾದರೂ ಇದನ್ನು ಹೊಸದಾಗಿ ಪ್ರಕಟಿಸಬೇಕು. ನಿಮ್ಮ ಬೀದಿ ‘ಕ್ಯುಮುಲೇಟಿವ್ ಇಂಪ್ಯಾಕ್ಟ್’ ಪ್ರದೇಶದೊಳಗೆ ಇದೆಯೇ ಎಂದು ಅದರಲ್ಲಿ ಮುಖ್ಯವಾಗಿ ನೋಡಿ. ಮದ್ಯದಂಗಡಿಗಳು ಈಗಾಗಲೇ ದಟ್ಟವಾಗಿ, ಅದರಿಂದ ತೊಂದರೆಯಾಗುತ್ತಿದೆ ಎಂದು ಕೌನ್ಸಿಲ್ ಪುರಾವೆ ಸಮೇತ ಗುರುತಿಸಿದ ಜಾಗ ಅದು. ಅಲ್ಲಿ ಆಕ್ಷೇಪ ಬಂದರೆ, ನಿಮ್ಮ ಅಂಗಡಿ ಆ ತೊಂದರೆಯನ್ನು ಹೆಚ್ಚಿಸುವುದಿಲ್ಲ ಎಂದು ತೋರಿಸುವ ಭಾರ ನಿಮ್ಮ ಮೇಲಿರುತ್ತದೆ.

ಅರ್ಜಿ ಸಲ್ಲಿಸುವ ಮುನ್ನ ಪೊಲೀಸ್ ಲೈಸೆನ್ಸಿಂಗ್ ಅಧಿಕಾರಿಗೂ ವ್ಯಾಪಾರದ ನಿಯಮಗಳ ಪಾಲನೆ ನೋಡಿಕೊಳ್ಳುವ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ವಿಭಾಗಕ್ಕೂ ಕರಡನ್ನು ಕಳುಹಿಸಿ ಅಭಿಪ್ರಾಯ ಕೇಳಿ. ಅವರು ಹೇಳುವ ಎರಡು ಮೂರು ಬದಲಾವಣೆಗಳನ್ನು ಆಗಲೇ ಸೇರಿಸಿದರೆ ಎಷ್ಟೋ ಅರ್ಜಿಗಳು ವಿಚಾರಣೆಯ ಮೆಟ್ಟಿಲು ಹತ್ತದೆಯೇ ಮುಗಿಯುತ್ತವೆ. ಕಟ್ಟಡದ ನಿರ್ಮಾಣ, ಬಳಕೆಗೆ ಸಂಬಂಧಿಸಿದ ಪ್ಲಾನಿಂಗ್ ಅನುಮತಿ ಇದರಿಂದ ಪೂರ್ತಿ ಬೇರೆ ಎಂಬುದನ್ನೂ ಮರೆಯಬೇಡಿ. ಒಂದು ಸಿಕ್ಕಿತೆಂದು ಇನ್ನೊಂದು ಸಿಗುವುದಿಲ್ಲ.

ಹಂತ 5: ಇಪ್ಪತ್ತೆಂಟು ದಿನಗಳು

ಅರ್ಜಿ ಕೊಟ್ಟ ಮರುದಿನದಿಂದ 28 ದಿನ ಕಟ್ಟಡದ ಮೇಲೆ ತಿಳಿ ನೀಲಿ ಬಣ್ಣದ ಎ4 ಹಾಳೆಯಲ್ಲಿ, ಕನಿಷ್ಠ 16 ಅಳತೆಯ ಅಕ್ಷರಗಳಲ್ಲಿ, ಹೊರಗಿನಿಂದ ಓದಲು ಬರುವಂತೆ ನೋಟಿಸ್ ಅಂಟಿಸಬೇಕು. ಮೊದಲ ಹತ್ತು ಕೆಲಸದ ದಿನಗಳೊಳಗೆ ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಣೆಯೂ ಬರಬೇಕು. ಸಣ್ಣ ವ್ಯಾಪಾರಿಗೆ ಅರ್ಜಿ ಶುಲ್ಕಕ್ಕಿಂತ ಈ ಜಾಹೀರಾತೇ ದುಬಾರಿಯಾಗುವುದುಂಟು. ಪ್ರತಿದಿನ ನೋಟಿಸಿನ ಒಂದು ಫೋಟೋ ತೆಗೆದಿಡಿ. ನಡುವೆ ಹರಿದುಹೋಗಿ ಯಾರಾದರೂ ತಕರಾರು ಎತ್ತಿದರೆ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗಬಹುದು. ಪೊಲೀಸ್, ಅಗ್ನಿಶಾಮಕ, ಪರಿಸರ ಆರೋಗ್ಯ, ಹೋಮ್ ಆಫೀಸಿನ ವಲಸೆ ವಿಭಾಗ ಮುಂತಾದ ‘ರೆಸ್ಪಾನ್ಸಿಬಲ್ ಅಥಾರಿಟಿ’ಗಳಿಗೆ ಪ್ರತಿ ಹೋಗಬೇಕು. ಆನ್‌ಲೈನ್ ಅರ್ಜಿಯಾದರೆ ಕೌನ್ಸಿಲ್ಲೇ ಕಳುಹಿಸುತ್ತದೆ.

ಹಂತ 6: ನೀವು ವಿರೋಧಿಸುವವರಾದರೆ

ಮನೆಯ ಕೆಳಗೆ ಮದ್ಯದಂಗಡಿ ಬರುತ್ತದೆ ಎಂದಾಗ ಕಳವಳವಾಗುವುದು ಸಹಜ, ಅದನ್ನು ಹೇಳುವ ಹಕ್ಕು ಎಲ್ಲರಿಗೂ ಇದೆ. 2012ರವರೆಗೆ ಸಾರ್ವಜನಿಕರಲ್ಲಿ ಮುಖ್ಯವಾಗಿ ಹತ್ತಿರದ ನಿವಾಸಿಗಳು ಮತ್ತು ವ್ಯಾಪಾರಿಗಳಷ್ಟೇ ಆಕ್ಷೇಪಿಸಬಹುದಿತ್ತು. ಈಗ ಆ ಮಿತಿಯನ್ನು ತೆಗೆದಿದ್ದಾರೆ. ಆದರೆ ಕೋಪದಲ್ಲಿ ಬರೆದ ಪತ್ರಗಳು ತಿರಸ್ಕೃತವಾಗುವುದನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಅವುಗಳಲ್ಲಿ ಎಷ್ಟೋ ಸಲ ನಿಜವಾದ ತೊಂದರೆ ಇರುತ್ತದೆ, ಸರಿಯಾದ ಮಾತಿನಲ್ಲಿ ಇರುವುದಿಲ್ಲ.

ಕುಡಿತ ಕೆಟ್ಟದ್ದು, ಈ ಬೀದಿಯಲ್ಲಿ ಆಗಲೇ ಮೂರು ಅಂಗಡಿಗಳಿವೆ, ನಮ್ಮ ಅಂಗಡಿಯ ವ್ಯಾಪಾರ ಕುಗ್ಗುತ್ತದೆ, ಮನೆಯ ಬೆಲೆ ಇಳಿಯುತ್ತದೆ ಎಂಬ ವಾದಗಳು ನಿಲ್ಲುವುದಿಲ್ಲ. ಕುಡಿತದಿಂದ ಆರೋಗ್ಯ ಕೆಡುತ್ತದೆ ಎಂಬುದು ಸತ್ಯವಾದರೂ ಸಾರ್ವಜನಿಕ ಆರೋಗ್ಯ ಇಲ್ಲಿ ಲೈಸೆನ್ಸಿಂಗ್ ಉದ್ದೇಶವಲ್ಲ. ಸ್ಕಾಟ್ಲೆಂಡ್ ಅದನ್ನು ಐದನೆಯ ಉದ್ದೇಶವಾಗಿ ಸೇರಿಸಿಕೊಂಡಿದೆ. ಇಂಗ್ಲೆಂಡ್ ಇನ್ನೂ ಸೇರಿಸಿಕೊಳ್ಳದಿರುವುದು ನನ್ನ ಮಟ್ಟಿಗೆ ಈ ಕಾಯ್ದೆಯ ದೊಡ್ಡ ಕೊರತೆ.

ದೇವಸ್ಥಾನದ ಪಕ್ಕದ ಅಂಗಡಿಯ ಉದಾಹರಣೆ ತೆಗೆದುಕೊಳ್ಳಿ. “ಇದು ಪವಿತ್ರ ಸ್ಥಳ” ಎಂದಷ್ಟೇ ಬರೆದರೆ ಕೌನ್ಸಿಲ್ ಏನೂ ಮಾಡಲಾಗದು. “ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಮಕ್ಕಳ ಕನ್ನಡ ತರಗತಿ ನಡೆಯುತ್ತದೆ, ಮಕ್ಕಳು ಈ ಕಾಲುದಾರಿಯಲ್ಲೇ ಬರುತ್ತಾರೆ, ಇಂಥ ದಿನಾಂಕಗಳಂದು ಬಾಗಿಲ ಮುಂದೆ ಕುಡಿದು ಕೂತವರನ್ನು ಏಳಿಸಬೇಕಾಯಿತು, ಒಡೆದ ಬಾಟಲಿಗಳ ಫೋಟೋ ಇವು, ಪೊಲೀಸರಿಗೆ ಕೊಟ್ಟ ದೂರಿನ ಸಂಖ್ಯೆ ಇದು” ಎಂದು ಬರೆದರೆ ಅದು ಮಕ್ಕಳ ರಕ್ಷಣೆಗೂ ಸಾರ್ವಜನಿಕ ಉಪದ್ರವಕ್ಕೂ ನೇರವಾಗಿ ಮುಟ್ಟುತ್ತದೆ. ಜೊತೆಗೆ ಪರಿಹಾರವನ್ನೂ ಸೂಚಿಸಿ: ಭಾನುವಾರ ಮಧ್ಯಾಹ್ನದ ನಂತರವೇ ಮಾರಾಟ, ಬಿಡಿ ಕ್ಯಾನ್ ಬೇಡ. ಪೂರ್ತಿ ನಿರಾಕರಿಸಿ ಎನ್ನುವುದಕ್ಕಿಂತ ಇಂಥ ಬೇಡಿಕೆಗಳು ಈಡೇರುವ ಸಾಧ್ಯತೆ ಹೆಚ್ಚು.

ಇನ್ನೂರು ಜನ ಸಹಿ ಹಾಕಿದ ಒಂದೇ ಮನವಿಗಿಂತ ತಮ್ಮ ಅನುಭವವನ್ನು ತಾವೇ ಬರೆದ ಐದು ಪತ್ರಗಳು ಮೇಲು. ಹೆಸರು ಮತ್ತು ವಿಳಾಸ ಬೇಕು. ಅವು ಅರ್ಜಿದಾರರಿಗೂ ತಿಳಿಯುತ್ತವೆ. ಭಯವಿದ್ದರೆ ನಿಮ್ಮ ವಾರ್ಡಿನ ಕೌನ್ಸಿಲರ್ ಮೂಲಕ ಆಕ್ಷೇಪ ಸಲ್ಲಿಸಲು ಕೇಳಿಕೊಳ್ಳಬಹುದು. ಪತ್ರ 28 ದಿನದೊಳಗೆ ತಲುಪಬೇಕು, ಒಂದು ದಿನ ತಡವಾದರೂ ತೆಗೆದುಕೊಳ್ಳುವುದಿಲ್ಲ.

ಹಂತ 7: ವಿಚಾರಣೆ

ಆಕ್ಷೇಪ ಬಂದು ರಾಜಿಯಾಗದಿದ್ದರೆ, 28 ದಿನ ಮುಗಿದ ಮೇಲೆ 20 ಕೆಲಸದ ದಿನಗಳೊಳಗೆ ವಿಚಾರಣೆ ಶುರುವಾಗಬೇಕು. ಲೈಸೆನ್ಸಿಂಗ್ ಸಮಿತಿಯ ಮೂವರು ಕೌನ್ಸಿಲರ್‌ಗಳು ಕೂರುತ್ತಾರೆ. ಪಕ್ಕದಲ್ಲಿ ಕಾನೂನು ಸಲಹೆಗಾರರಿರುತ್ತಾರೆ. ಅಧಿಕಾರಿಯ ವರದಿ ಮೊದಲು, ಬಳಿಕ ಅರ್ಜಿದಾರರು ಮತ್ತು ಆಕ್ಷೇಪಿಸಿದವರು. ಎರಡೂ ಕಡೆಗೆ ಸಮಾನ ಸಮಯ. ನೀವು ಬರುತ್ತೀರೋ ಇಲ್ಲವೋ, ಯಾರು ನಿಮ್ಮ ಪರ ಮಾತನಾಡುತ್ತಾರೆ ಎಂಬುದನ್ನು ಐದು ಕೆಲಸದ ದಿನ ಮುಂಚೆ ತಿಳಿಸಬೇಕು. ಮಾತನಾಡುವವರು ವಕೀಲರೇ ಆಗಬೇಕಿಲ್ಲ. ಇಂಗ್ಲಿಷ್ ಚೆನ್ನಾಗಿ ಬಲ್ಲ ಗೆಳೆಯರೂ ಆಗಬಹುದು. ಹೊಸ ದಾಖಲೆಯನ್ನು ಆ ದಿನ ಎತ್ತಿಕೊಟ್ಟರೆ ಎಲ್ಲ ಪಕ್ಷದವರೂ ಒಪ್ಪಿದರೆ ಮಾತ್ರ ತೆಗೆದುಕೊಳ್ಳುತ್ತಾರೆ. ಆದ್ದರಿಂದ ಫೋಟೋ, ದಿನಚರಿ, ತರಬೇತಿ ಪುಸ್ತಕ ಎಲ್ಲವನ್ನೂ ಮೊದಲೇ ಕಳುಹಿಸಿ.

ಸಮಿತಿಯಲ್ಲಿ ಕೂರುವ ಕೌನ್ಸಿಲರ್‌ಗಳನ್ನು ಪರಿಚಯದವರ ಮೂಲಕ ಹಿಡಿಯಲು ಹೋಗಬೇಡಿ. ಊರಿನಲ್ಲಿ ಶಾಸಕರಿಂದ ಒಂದು ಮಾತು ಹೇಳಿಸುವ ರೂಢಿಯಿಂದ ಬಂದವರಿಗೆ ಇದು ಸಣ್ಣ ವಿಷಯ ಎನಿಸಬಹುದು. ಮೊದಲೇ ತೀರ್ಮಾನಿಸಿಕೊಂಡಂತೆ ಕಂಡ ಕೌನ್ಸಿಲರ್ ವಿಚಾರಣೆಯಿಂದ ಹಿಂದೆ ಸರಿಯಬೇಕಾಗುತ್ತದೆ, ನಿಮ್ಮ ಅರ್ಜಿಗೂ ಮಸಿ ಹತ್ತುತ್ತದೆ.

ಸಮಿತಿಯವರು ಮುಖ್ಯವಾಗಿ ಹುಡುಕುವುದು ಪುರಾವೆ. ಇದರ ಹಿಂದೆ 2008ರ ಒಂದು ಹೈಕೋರ್ಟ್ ತೀರ್ಪಿದೆ. ವಿರಲ್ ಪ್ರದೇಶದ ಒಂದು ಪಬ್‌ಗೆ ಕೌನ್ಸಿಲ್ ಹೆಚ್ಚಿನ ವೇಳೆ ಕೊಟ್ಟಿತ್ತು. ನಿವಾಸಿಗಳ ಮೇಲ್ಮನವಿಯ ಮೇಲೆ ಮ್ಯಾಜಿಸ್ಟ್ರೇಟರು ಅದನ್ನು ಕಡಿತಗೊಳಿಸಿದರು. ಪೊಲೀಸರ ಆಕ್ಷೇಪವಿಲ್ಲದಿದ್ದಾಗ, ಪುರಾವೆಯಿಲ್ಲದ ಆತಂಕವನ್ನೇ ನೆಚ್ಚಿಕೊಂಡರು ಎಂದು ಹೈಕೋರ್ಟ್ ಆ ಕಡಿತವನ್ನು ರದ್ದುಮಾಡಿತು. ಥ್ವೈಟ್ಸ್ ಪ್ರಕರಣ ಎಂದೇ ಇದನ್ನು ವಿಚಾರಣೆಗಳಲ್ಲಿ ಇಂದಿಗೂ ಎತ್ತುತ್ತಾರೆ. ವಿರೋಧಿಸುವವರು ಇದರಿಂದ ಕಂಗೆಡಬೇಕಿಲ್ಲ. ಆ ಜಾಗದಲ್ಲಿ ಬದುಕುವವರ ಕಣ್ಣಾರೆ ಕಂಡ, ದಿನಾಂಕ ಬರೆದಿಟ್ಟ ಅನುಭವವೂ ಪುರಾವೆಯೇ.

ಹಂತ 8: ತೀರ್ಮಾನ, ಮೇಲ್ಮನವಿ

ಸಮಿತಿ ಅಂದೇ ಹೇಳಬಹುದು, ಇಲ್ಲವೇ ಐದು ಕೆಲಸದ ದಿನಗಳೊಳಗೆ ತೀರ್ಮಾನಿಸಬೇಕು. ಕೇಳಿದಂತೆಯೇ ಕೊಡಬಹುದು, ಷರತ್ತು ಬದಲಿಸಿ ಅಥವಾ ವೇಳೆ ಕಡಿತ ಮಾಡಿ ಕೊಡಬಹುದು, ಹೆಸರಿಸಿದ ಡಿಪಿಎಸ್ ಅನ್ನು ಒಪ್ಪದಿರಬಹುದು, ಪೂರ್ತಿ ನಿರಾಕರಿಸಬಹುದು. ಕಾರಣಗಳು ಬರಹದಲ್ಲಿ ಬರುತ್ತವೆ. ಅರ್ಜಿದಾರರಾಗಲಿ ಆಕ್ಷೇಪಿಸಿದವರಾಗಲಿ 21 ದಿನದೊಳಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹೋಗಬಹುದು. ಅಲ್ಲಿ ವಿಚಾರಣೆ ಹೊಸದಾಗಿ ನಡೆದರೂ, ಕೌನ್ಸಿಲ್‌ನ ತೀರ್ಮಾನ ತಪ್ಪೆಂದು ತೋರಿಸುವ ಹೊಣೆ ಮೇಲ್ಮನವಿ ಹಾಕಿದವರದು ಎಂದು 2011ರಲ್ಲಿ ಅಪೀಲು ನ್ಯಾಯಾಲಯ ಹೇಳಿದೆ. ಸೋತರೆ ಎದುರಾಳಿಯ ಖರ್ಚೂ ತಲೆಯ ಮೇಲೆ ಬರಬಹುದು. ಎಷ್ಟೋ ಸಂದರ್ಭಗಳಲ್ಲಿ ಅರ್ಜಿಯನ್ನು ತಿದ್ದಿ ಮತ್ತೆ ಸಲ್ಲಿಸುವುದೇ ಅಗ್ಗ.

ಲೈಸೆನ್ಸ್ ಸಿಕ್ಕಿದ ಅಂಗಡಿಯಿಂದ ಮುಂದೆ ತೊಂದರೆಯಾದರೆ ನಿವಾಸಿಗಳ ಕೈ ಕಟ್ಟಿಲ್ಲ. ಯಾವಾಗ ಬೇಕಾದರೂ ‘ರಿವ್ಯೂ’, ಅಂದರೆ ಲೈಸೆನ್ಸಿನ ಮರುಪರಿಶೀಲನೆ, ಕೇಳಬಹುದು, ಅದಕ್ಕೆ ಶುಲ್ಕವಿಲ್ಲ. ಆಗ ಸಮಿತಿ ಷರತ್ತು ಬಿಗಿ ಮಾಡಬಹುದು, ಮೂರು ತಿಂಗಳವರೆಗೆ ಅಮಾನತು ಮಾಡಬಹುದು, ಲೈಸೆನ್ಸನ್ನೇ ಕಿತ್ತುಕೊಳ್ಳಬಹುದು. ಮೂರು ತಿಂಗಳಲ್ಲಿ ಎರಡು ಸಲ ಚಿಕ್ಕವರಿಗೆ ಮದ್ಯ ಮಾರಿ ಸಿಕ್ಕಿಬಿದ್ದರೆ ಅದು ಪ್ರತ್ಯೇಕ ಅಪರಾಧ.

ಹಂತ 9: ಲೈಸೆನ್ಸನ್ನು ಉಳಿಸಿಕೊಳ್ಳುವುದು

ಸಾರಾಂಶದ ಹಾಳೆಯನ್ನು ಎದ್ದುಕಾಣುವಂತೆ ಹಾಕಿ, ಪೂರ್ತಿ ಪ್ರತಿಯನ್ನು ಅಂಗಡಿಯಲ್ಲೇ ಇಡಿ. ವಾರ್ಷಿಕ ಶುಲ್ಕ ಕಟ್ಟದಿದ್ದರೆ ಕೌನ್ಸಿಲ್ ಲೈಸೆನ್ಸನ್ನು ಅಮಾನತು ಮಾಡುತ್ತದೆ. ಕೌಂಟರ್ ಜಾಗ ಬದಲಿಸುವಂಥ ಸಣ್ಣ ಬದಲಾವಣೆಗೆ 89 ಪೌಂಡಿನ ‘ಮೈನರ್ ವೇರಿಯೇಷನ್’ ಸಾಕು. ಮದ್ಯ ಮಾರುವ ಒಟ್ಟು ವೇಳೆಯನ್ನು ಹೆಚ್ಚಿಸಲು ಅದು ಆಗುವುದಿಲ್ಲ. ನಡೆಯುತ್ತಿರುವ ಅಂಗಡಿಯನ್ನು ಕೊಳ್ಳುವವರು ಲೈಸೆನ್ಸ್ ವರ್ಗಾವಣೆಗೂ ಡಿಪಿಎಸ್ ಬದಲಾವಣೆಗೂ ತಲಾ 23 ಪೌಂಡ್ ಕಟ್ಟಿ ಅರ್ಜಿ ಹಾಕಬೇಕು. ಹಣ ಕೊಡುವ ಮುನ್ನ ಲೈಸೆನ್ಸಿನ ಷರತ್ತುಗಳನ್ನು ಒಂದೊಂದಾಗಿ ಓದಿ. ಹಳೆಯ ಒಡೆಯರು ಒಪ್ಪಿಕೊಂಡದ್ದೆಲ್ಲ ಈಗ ನಿಮ್ಮ ಹೊಣೆ.

ಕುಟುಂಬಗಳಿಗೆ ತಿಳಿಯದೇ ಹೋಗುವ ಇನ್ನೊಂದು ನಿಯಮವಿದೆ. ಲೈಸೆನ್ಸ್ ಒಬ್ಬ ವ್ಯಕ್ತಿಯ ಹೆಸರಿನಲ್ಲಿದ್ದು ಅವರು ತೀರಿಕೊಂಡರೆ, ದಿವಾಳಿಯಾದರೆ ಅಥವಾ ಮಾನಸಿಕ ಸಾಮರ್ಥ್ಯ ಕಳೆದುಕೊಂಡರೆ ಆ ಕ್ಷಣಕ್ಕೇ ಲೈಸೆನ್ಸ್ ನಿಂತುಹೋಗುತ್ತದೆ. 28 ದಿನಗಳೊಳಗೆ ‘ಇಂಟೆರಿಮ್ ಅಥಾರಿಟಿ ನೋಟಿಸ್’ ಎಂಬ ತಾತ್ಕಾಲಿಕ ಅಧಿಕಾರದ ನೋಟಿಸ್ ಕೊಟ್ಟರೆ ಅಥವಾ ತಕ್ಷಣದ ವರ್ಗಾವಣೆಗೆ ಅರ್ಜಿ ಹಾಕಿದರೆ ಅದಕ್ಕೆ ಮತ್ತೆ ಜೀವ ಬರುತ್ತದೆ. ಆ ಅವಧಿ ದಾಟಿದರೆ ನೀಲಿ ಹಾಳೆಯಿಂದ ಹಿಡಿದು ಎಲ್ಲವೂ ಹೊಸದಾಗಿ ಆಗಬೇಕು. ಸೂತಕದ ದಿನಗಳಲ್ಲಿ ಯಾರಿಗೂ ಕೌನ್ಸಿಲ್‌ನ ನೆನಪಾಗುವುದಿಲ್ಲ. ಆದ್ದರಿಂದ ಅಂಗಡಿಯನ್ನು ಕಂಪನಿಯಾಗಿ ನಡೆಸುತ್ತಿದ್ದರೆ ಲೈಸೆನ್ಸನ್ನೂ ಕಂಪನಿಯ ಹೆಸರಿನಲ್ಲೇ ಪಡೆಯಿರಿ, ಒಬ್ಬರ ಸಾವಿನಿಂದ ಅದು ನಿಲ್ಲುವುದಿಲ್ಲ. ಸ್ವಂತ ಹೆಸರಿನಲ್ಲೇ ಇದ್ದರೆ ಈ 28 ದಿನದ ವಿಷಯವನ್ನು, ಲೈಸೆನ್ಸ್ ಸಂಖ್ಯೆ ಮತ್ತು ಕೌನ್ಸಿಲ್‌ನ ದೂರವಾಣಿಯೊಂದಿಗೆ, ಮನೆಯ ಇನ್ನೊಬ್ಬರಿಗೆ ಇವತ್ತೇ ಬರೆದುಕೊಡಿ.